ಹೊಸ ಟೈರು, ಹಳೇ ವಾಲ್ವು: ಕ್ಯಾಂಪರ್ ಎಳೆಯುವ ಮುಂಚೆ ಬಗ್ಗಿ ನೋಡಬೇಕಾದ ಜಾಗ

ಅರಿಜೋನಾದಲ್ಲಿ ಮೇ ತಿಂಗಳು ಬಂತೆಂದರೆ ಫೀನಿಕ್ಸ್ ಜನಕ್ಕೆ ಒಂದೇ ಯೋಚನೆ. ಈ ಬಿಸಿಲಿನಿಂದ ಎಲ್ಲಿಗಾದರೂ ಓಡಬೇಕು. ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಫ್ಲ್ಯಾಗ್‌ಸ್ಟಾಫ್. ಅಲ್ಲಿ ಪೈನ್ ಮರ, ತಣ್ಣನೆ ಗಾಳಿ, ಮುಂದೆ ಗ್ರ್ಯಾಂಡ್ ಕ್ಯಾನ್ಯನ್. ನಮ್ಮ ಕನ್ನಡದ ಗೆಳೆಯರಲ್ಲೂ ಈಗ ಕ್ಯಾಂಪರ್ ಕೊಂಡವರಿದ್ದಾರೆ, ವಾರಕ್ಕೆ ಬಾಡಿಗೆಗೆ ತಗೊಳ್ಳುವವರಿದ್ದಾರೆ. ಕ್ಯಾಂಪರ್ ಅಂದರೆ ಅಡುಗೆಮನೆ, ಹಾಸಿಗೆ, ಬಾತ್‌ರೂಮು ಎಲ್ಲ ಇರುವ ಚಿಕ್ಕ ಮನೆ. ಅದಕ್ಕೆ ಎಂಜಿನ್ ಇಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆಯಬೇಕು, ಅದಕ್ಕೇ ಇದನ್ನು ಟ್ರೈಲರ್ ಅಂತಲೂ ಕರೆಯುತ್ತಾರೆ.

ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ: "ಟೈರ್ ಹೊಸದು, ಪಂಕ್ಚರ್ ಇಲ್ಲ, ಆದರೂ ಗಾಳಿ ಇಳೀತಿದೆ, ಯಾಕೆ?" ನಾನೂ ಒಮ್ಮೆ ಕೇಳಿದ್ದೆ. ಸೆಕೆಂಡ್‌ಹ್ಯಾಂಡ್ ಟ್ರೈಲರ್ ಕೊಂಡು ನಾಲ್ಕಕ್ಕೂ ಹೊಸ ಟೈರ್ ಹಾಕಿಸಿದ್ದೆ. ಎರಡು ತಿಂಗಳ ನಂತರ, ಹೊರಡಬೇಕಾದ ಬೆಳಿಗ್ಗೆ ಗಾಳಿಯ ಒತ್ತಡ ಅಳೆಯುವ ಗೇಜ್ ಇಟ್ಟು ನೋಡಿದರೆ ಒಂದರಲ್ಲಿ 80 ಇರಬೇಕಾದ ಕಡೆ 52. ಟೈರ್ ಅಂಗಡಿಯವರು ಹೊಸ ಟೈರನ್ನು ಹಳೇ ವಾಲ್ವಿನ ಮೇಲೇ ಕೂರಿಸಿದ್ದರು. ನಾನೂ ಕೇಳಿರಲಿಲ್ಲ. ಅದೂ 80ರ ಒತ್ತಡಕ್ಕೆ ಮಾಡಿದ ವಾಲ್ವೇ ಆಗಿರಲಿಲ್ಲ. ಹಾಗಾಗಿ ಇದನ್ನು ಮೊದಲಿನಿಂದ ಹೇಳುತ್ತೇನೆ.

## ವಾಲ್ವ್ ಅಂದರೆ ಏನೇನು?

ಟೈರಿಗೆ ಗಾಳಿ ಹೊಡೆಸುವ ಆ ಪುಟ್ಟ ಕೊಳವೆಯೇ ವಾಲ್ವ್. ಟ್ಯೂಬ್ ಇರುವ ಸೈಕಲ್ಲಿನಲ್ಲಿ ಅದು ಟ್ಯೂಬಿಗೇ ಅಂಟಿಕೊಂಡಿರುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಟ್ಯೂಬೇ ಇಲ್ಲವಲ್ಲ, ಹಾಗಾಗಿ ರಿಮ್ಮಿಗೆ ಒಂದು ತೂತು ಕೊರೆದು ಅದರಲ್ಲಿ ವಾಲ್ವ್ ಸಿಕ್ಕಿಸುತ್ತಾರೆ. ಗಾಳಿ ಹೊರಗೆ ಬರದಂತೆ ಆ ತೂತನ್ನು ಮುಚ್ಚುವ ಕೆಲಸವೂ ವಾಲ್ವಿನದೇ.

ಇದರಲ್ಲಿ ಮೂರು ಭಾಗ. ಹೊರಗಿನ ಕೊಳವೆಗೆ ಇಂಗ್ಲಿಷಿನವರು ಸ್ಟೆಮ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಹಿತ್ತಾಳೆಯದು, ಮೇಲೆ ರಬ್ಬರ್ ಹೊದಿಕೆ. ಬುಡದಲ್ಲಿ ದಪ್ಪ ತಲೆ, ಅದರ ಮೇಲೆ ಸುತ್ತಲೂ ಒಂದು ಕಚ್ಚು. ಅಂಗಿಯ ಗುಂಡಿ ಕಾಜದಲ್ಲಿ ಕೂರುವಂತೆ ಆ ಕಚ್ಚು ರಿಮ್ಮಿನ ತೂತಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೊಳವೆಯ ಒಳಗೆ ತಿರುಪಿ ಕೂರಿಸಿದ ಒಂದು ಪಿನ್ ಇರುತ್ತದೆ. ಅದು ಕೋರ್. ಮೇಲೆ ಕ್ಯಾಪ್.

ಕೋರ್ ಕೆಲಸ ಮಾಡುವ ರೀತಿ ಸರಳ. ಪಿನ್ನಿನ ತಲೆ ಒತ್ತಿದರೆ ದಾರಿ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಒಳಗಿನ ಗಾಳಿಯೂ ಮುಚ್ಚುವ ಕಡೆಗೇ ತಳ್ಳುತ್ತಿರುತ್ತದೆ. ಒಳಕ್ಕೆ ತೆರೆಯುವ ಬಾಗಿಲಿಗೆ ಒಳಗಿನ ಜನ ಒರಗಿ ನಿಂತರೆ ಹೊರಗಿನಿಂದ ತಳ್ಳುವುದು ಕಷ್ಟ, ಅಲ್ವಾ? ಹಾಗೆ. ಈ ಬಗೆಯ ವಾಲ್ವಿಗೆ ಶ್ರೇಡರ್ ವಾಲ್ವ್ ಎಂದು ಹೆಸರು. ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದ ಆಗಸ್ಟ್ ಶ್ರೇಡರ್ ಇಟ್ಟ ಕಾರ್ಖಾನೆಯಿಂದ ಬಂದ ಹೆಸರು ಅದು, 1893ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಕಾರು, ಬೈಕು, ಲಾರಿ ಎಲ್ಲದರಲ್ಲೂ ಅದೇ ಕೆಲಸ, ಅದೇ ಉಪಾಯ.

ಕ್ಯಾಪನ್ನು ಸುಮ್ನೆ ಅಲಂಕಾರ ಅಂದುಕೊಳ್ಳುವವರು ಜಾಸ್ತಿ. ಕೋರ್ ಮೇಲೆ ಮಣ್ಣಿನ ಒಂದು ಕಣ ಕೂತರೂ ಅದು ಪೂರ್ತಿ ಮುಚ್ಚುವುದಿಲ್ಲ. ಆ ಮಣ್ಣು ಹೋಗದಂತೆ ತಡೆಯುವುದು ಕ್ಯಾಪ್. ಒಳಗೆ ರಬ್ಬರ್ ವಾಷರ್ ಇರುವ ಕ್ಯಾಪ್ ಆದರೆ ಸಣ್ಣ ಸೋರಿಕೆಯನ್ನೂ ತಡೆಯುತ್ತದೆ.

## ಕಾರಿಗೆ ಸರಿ ಇದ್ದದ್ದು ಟ್ರೈಲರಿಗೆ ಯಾಕೆ ಸಾಲದು?

ಒತ್ತಡವನ್ನು ಅಳೆಯುವುದು ಪಿಎಸ್‌ಐನಲ್ಲಿ, ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಎಂದು. ಮನೆಯ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಸುಮಾರು 15 ಪಿಎಸ್‌ಐ ಇರುತ್ತದೆ. ಕಾರಿನ ಟೈರಿನಲ್ಲಿ 32ರಿಂದ 36. ಟ್ರೈಲರಿನ ಟೈರಿನಲ್ಲಿ 50, 65, ಇಲ್ಲವೇ 80. 80 ಅಂದರೆ ಕುಕ್ಕರಿನ ಐದು ಪಟ್ಟು. ಹತ್ತು ವರ್ಷ ಹಳೆಯ ಗ್ಯಾಸ್ಕೆಟ್ ಹಾಕಿದ ಕುಕ್ಕರನ್ನು ಯಾರೂ ಒಲೆ ಮೇಲಿಡುವುದಿಲ್ಲ. ಹತ್ತು ವರ್ಷದ ರಬ್ಬರ್ ವಾಲ್ವಿನ ಮೇಲೆ ಮಾತ್ರ ಮೂರು ಟನ್ ಮನೆಯನ್ನು ಎಳೆದುಕೊಂಡು ಹೋಗುತ್ತೇವೆ.

ಟ್ರೈಲರಿಗೆಂದೇ ಬೇರೆ ಟೈರ್ ಬರುತ್ತದೆ. ಅದರ ಅಳತೆಯ ಮುಂದೆ ಎಸ್‌ಟಿ ಎಂದು ಅಚ್ಚು ಹಾಕಿರುತ್ತಾರೆ. ಜೊತೆಗೆ ಲೋಡ್ ರೇಂಜ್ ಎಂಬ ಒಂದು ಅಕ್ಷರ ಇರುತ್ತದೆ. ಸಾಮಾನ್ಯವಾಗಿ ಸಿ ಅಂದರೆ 50 ಪಿಎಸ್‌ಐ ತನಕ, ಡಿ ಅಂದರೆ 65, ಇ ಅಂದರೆ 80. ಅಕ್ಷರ ಮೇಲೇರಿದಷ್ಟೂ ಟೈರ್ ಜಾಸ್ತಿ ಗಾಳಿ ಹಿಡಿದು ಜಾಸ್ತಿ ಭಾರ ಹೊರುತ್ತದೆ.

ಈ ಭಾರದ ಲೆಕ್ಕ ನೋಡಿದರೆ ಗಾಳಿ ಇಳಿಯುವುದು ಯಾಕೆ ಅಪಾಯ ಅಂತ ತಿಳಿಯುತ್ತದೆ. ಎಸ್‌ಟಿ 225/75ಆರ್15 ತುಂಬಾ ಕಾಣುವ ಅಳತೆ. 80 ಪಿಎಸ್‌ಐ ಇದ್ದಾಗ ಅದು 2,830 ಪೌಂಡ್ ಹೊರಬಲ್ಲದು, ಅಂದರೆ ಸುಮಾರು 1,284 ಕೆಜಿ. ಗಾಳಿ 50ಕ್ಕೆ ಇಳಿದರೆ ಅದೇ ಟೈರಿನ ಶಕ್ತಿ 2,150 ಪೌಂಡಿಗೆ ಬೀಳುತ್ತದೆ. ವ್ಯತ್ಯಾಸ 300 ಕೆಜಿಗೂ ಸ್ವಲ್ಪ ಮೇಲೆ. ಆರು ಮೂಟೆ ಸಿಮೆಂಟ್ ಅಂದುಕೊಳ್ಳಿ. ಕ್ಯಾಂಪರ್ ತೂಕ ಮಾತ್ರ ಇಳಿದಿರುವುದಿಲ್ಲವಲ್ಲ. ಹೊರಲಾರದ ಭಾರ ಹೊತ್ತ ಟೈರ್ ಪ್ರತಿ ಸುತ್ತಿಗೂ ಮಡಚಿ ಮಡಚಿ ಬಿಸಿಯಾಗುತ್ತದೆ. ಒಳಗಿನ ಪದರಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಕೊನೆಗೆ ಬರ್ಸ್ಟ್.

ಕಾರಿನಲ್ಲಿ ಹೀಗಾದರೆ ಸ್ಟೀರಿಂಗ್ ಹೇಳುತ್ತದೆ. ಟ್ರೈಲರ್ ಹೇಳುವುದಿಲ್ಲ. ಒಂದು ಬದಿಗೆ ಎರಡು ಚಕ್ರ ಇರುವ ಟ್ರೈಲರಿನಲ್ಲಂತೂ ಒಂದರ ಗಾಳಿ ಇಳಿದರೆ ಪಕ್ಕದ್ದು ಸದ್ದಿಲ್ಲದೆ ಭಾರ ಹೊತ್ತುಕೊಳ್ಳುತ್ತದೆ. ಕನ್ನಡಿಯಲ್ಲಿ ಹೊಗೆಯೋ, ಹಾರುವ ರಬ್ಬರ್ ಚೂರೋ ಕಾಣುವ ಹೊತ್ತಿಗೆ ಆ ಪಕ್ಕದ ಟೈರೂ ಕೆಟ್ಟಿರಬಹುದು. ಸಿಡಿದ ಟೈರಿನ ಪಟ್ಟಿ ಮಡ್‌ಗಾರ್ಡನ್ನು ಕಿತ್ತು, ಕೆಳಗಿನ ವೈರು ಪೈಪುಗಳನ್ನೂ ಎಳೆದುಹಾಕುತ್ತದೆ.

ಇದರ ಮೇಲೆ ಇನ್ನೊಂದು ತೊಂದರೆ ಇದೆ. ಕ್ಯಾಂಪರ್ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತದೆ, ಅದೂ ಬಿಸಿಲಲ್ಲಿ. ಅಡುಗೆಮನೆ ಕಿಟಕಿಯಲ್ಲಿ ಮರೆತ ರಬ್ಬರ್ ಬ್ಯಾಂಡ್ ಎಳೆದ ಕೂಡಲೇ ಪಟ್ ಅಂತ ಹರಿಯುವುದನ್ನು ನೋಡಿದ್ದೀರಲ್ಲ? ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನ್ ರಬ್ಬರಿನ ಜೀವ ತೆಗೆಯುತ್ತವೆ. ವಾಲ್ವಿನ ರಬ್ಬರಿಗೂ ಅದೇ ಗತಿ. ಇದು ಬರೀ ಹಳೇ ವಾಲ್ವಿನ ಕತೆ ಅಂತಲೂ ಅಲ್ಲ. 2006ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಗಟ್ಟಲೆ ರಬ್ಬರ್ ವಾಲ್ವುಗಳು ಓಜೋನಿನಿಂದ ಬೇಗ ಬಿರುಕು ಬಿಡುತ್ತಿದ್ದವು. 2008ರಲ್ಲಿ ಅಮೆರಿಕದಲ್ಲಿ ಅವುಗಳನ್ನು ವಾಪಸ್ ಕರೆಸಬೇಕಾಯಿತು.

## ಯಾವ ವಾಲ್ವ್ ಎಷ್ಟು ತಡೆಯುತ್ತದೆ?

ಮುಖ್ಯವಾದದ್ದು ಇಲ್ಲಿದೆ. ಅಂಗಡಿಯಲ್ಲಿ ನೋಡಲು ಎಲ್ಲ ಕಪ್ಪು ರಬ್ಬರ್ ವಾಲ್ವುಗಳೂ ಒಂದೇ ಥರ ಕಾಣುತ್ತವೆ. ತಡೆಯುವ ಒತ್ತಡ ಮಾತ್ರ ಬೇರೆ.

ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವಿನ ನಂಬರ್ ಟಿಆರ್ 413. ಸ್ವಲ್ಪ ಉದ್ದದ್ದು ಟಿಆರ್ 414, ಇನ್ನೂ ಉದ್ದದ್ದು ಟಿಆರ್ 418. ಇವುಗಳ ಮಿತಿ 65 ಪಿಎಸ್‌ಐ. ಲೋಡ್ ರೇಂಜ್ ಸಿ ಟೈರಿಗೆ ಸಾಕು. ಡಿ ಟೈರಿಗೆ ಸರಿಯಾಗಿ ಅಂಚಿನಲ್ಲಿ ನಿಲ್ಲುತ್ತದೆ. ಬಿಸಿಲಲ್ಲಿ ಓಡುವಾಗ ಒತ್ತಡ ಏರುತ್ತದಲ್ಲ, ಅದಕ್ಕೆ ಡಿ ಟೈರಿಗೂ ಗಟ್ಟಿಯಾದದ್ದನ್ನೇ ಹಾಕಿಸುವುದು ಒಳ್ಳೆಯದು ಅಂತ ನನ್ನ ಲೆಕ್ಕ. ಇ ಟೈರಿಗೆ ಇದನ್ನು ಹಾಕಲೇಬಾರದು.

ಇ ಟೈರಿಗೆ ಎರಡು ದಾರಿ. ಒಂದು, ಹೆಚ್ಚಿನ ಒತ್ತಡದ ರಬ್ಬರ್ ವಾಲ್ವ್. ಟಿಆರ್ 600 ಸಾಲಿನ ನಂಬರಿನ ಪಕ್ಕ ಎಚ್‌ಪಿ ಎಂದು ಇರುತ್ತದೆ. ಅದರಲ್ಲಿ ಹಿತ್ತಾಳೆಯ ಭಾಗ ದಪ್ಪ, ರಬ್ಬರ್ ಬುಡಕ್ಕೆ ಮಾತ್ರ. ಇನ್ನೊಂದು, ಪೂರ್ತಿ ಲೋಹದ ವಾಲ್ವ್. ರಿಮ್ಮಿನ ಒಳಗೊಂದು ಹೊರಗೊಂದು ವಾಷರ್ ಇಟ್ಟು ನಟ್ಟಿನಿಂದ ಬಿಗಿಯುತ್ತಾರೆ. ಟಿಆರ್ 416 ಈ ಜಾತಿಯದ್ದು. 80 ಅದಕ್ಕೆ ಲೆಕ್ಕವೇ ಅಲ್ಲ, ಹೊರಗೆ ಬಾಗುವ ರಬ್ಬರೂ ಇಲ್ಲ. ಆದರೆ ಬಿಗಿಯಲು ರಿಮ್ಮಿನ ಆ ಜಾಗ ಚಪ್ಪಟೆಯಾಗಿರಬೇಕು. ಕೆಲವು ಅಲಾಯ್ ರಿಮ್ಮುಗಳಲ್ಲಿ ಅದು ಬಾಗಿರುತ್ತದೆ, ವಾಷರ್ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಎಚ್‌ಪಿ ರಬ್ಬರೇ ಸರಿ.

ತೂತಿನ ಅಳತೆಯೂ ಎರಡು ಬಗೆ: 0.453 ಇಂಚು ಮತ್ತು 0.625 ಇಂಚು. ಹೆಚ್ಚಿನ ಟ್ರೈಲರ್ ರಿಮ್ಮುಗಳಲ್ಲಿ ಚಿಕ್ಕದೇ ಇರುತ್ತದೆ. ದೊಡ್ಡ ತೂತಿಗೆ ಚಿಕ್ಕ ವಾಲ್ವ್ ಸಿಕ್ಕಿಸಿದರೆ ಅದು ಅಲ್ಲಾಡುತ್ತದೆ, ಸೋರುತ್ತದೆ.

## ಮನೆಯಲ್ಲೇ ನೋಡುವುದು ಹೇಗೆ?

ಊರಿನ ಸೈಕಲ್ ಶಾಪ್ ನೆನಪಿದೆಯಾ? ಗಾಳಿ ಹೊಡೆದ ಮೇಲೆ ಅಂಗಡಿಯವನು ಬೆರಳಿಗೆ ಉಗುಳು ಮಾಡಿಕೊಂಡು ವಾಲ್ವಿನ ಬಾಯಿಗೆ ಹಚ್ಚುತ್ತಿದ್ದ. ಗುಳ್ಳೆ ಎದ್ದರೆ ಸೋರಿಕೆ. ನಾವು ಮಾಡುವುದೂ ಅದನ್ನೇ. ಉಗುಳಿನ ಬದಲು ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರು, ಒಂದು ಸ್ಪ್ರೇ ಬಾಟಲಿ.

ಮೊದಲು ಗೇಜ್. ಪೆನ್ನಿನಂಥ ಅಗ್ಗದ ಗೇಜ್‌ಗಳಲ್ಲಿ ಕೆಲವು 50ರ ತನಕ ಮಾತ್ರ ತೋರಿಸುತ್ತವೆ. 100ರ ಮೇಲೆ ಅಳೆಯುವುದನ್ನು ತಗೊಳ್ಳಿ. ಬೆಳಿಗ್ಗೆ, ಬಿಸಿಲು ಬೀಳುವ ಮುಂಚೆ, ಗಾಡಿ ಕನಿಷ್ಠ ಮೂರು ಗಂಟೆ ನಿಂತಿರುವಾಗ ನೋಡಿ. ಟೈರಿನ ಮೇಲೆ ಬರೆದಿರುವುದು ಹೀಗೆ ತಣ್ಣಗಿದ್ದಾಗಿನ ಲೆಕ್ಕ. ನಾಲ್ಕನ್ನೂ ಬರೆದಿಟ್ಟುಕೊಂಡು, ಎರಡು ವಾರ ಬಿಟ್ಟು ಮತ್ತೆ ನೋಡಿ. ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ. ನಾಲ್ಕೂ ಸಮವಾಗಿ ಇಳಿದಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಹಿಂದೆ ಬಿದ್ದಿದ್ದರೆ ಅಲ್ಲೇ ಏನೋ ಇದೆ.

ಬೆಟ್ಟ ಹತ್ತುವವರಿಗೆ ಇಲ್ಲೊಂದು ಗೊಂದಲ ಆಗುತ್ತದೆ. ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದೆ, ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ. ಇಲ್ಲಿ 85 ಡಿಗ್ರಿ ಫ್ಯಾರನ್‌ಹೀಟ್ ಇರುವ ಬೆಳಿಗ್ಗೆ 80 ತುಂಬಿಸಿ, ಅಲ್ಲಿ 45 ಡಿಗ್ರಿಯ ಬೆಳಿಗ್ಗೆ ನೋಡಿದರೆ ಗೇಜ್ 76ರ ಹತ್ತಿರ ತೋರಿಸುತ್ತದೆ. ಚಳಿಗೆ ಸುಮಾರು 7 ಇಳಿಯುತ್ತದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಗೇಜ್ ಸುಮಾರು 3 ಜಾಸ್ತಿ ತೋರಿಸುತ್ತದೆ. ಒಟ್ಟು 4 ಕಮ್ಮಿ. ಸೋರಿಕೆ ಏನೂ ಅಲ್ಲ.

ಆಮೇಲೆ ಕಣ್ಣು. ಬಗ್ಗಿ ಕೂತು, ಬೇಕಾದರೆ ಟಾರ್ಚ್ ಹಿಡಿದು ವಾಲ್ವಿನ ಬುಡ ನೋಡಿ. ಕೊಳವೆ ರಿಮ್ಮನ್ನು ಸೇರುವ ಆ ಸುತ್ತಿನಲ್ಲೇ ಬಿರುಕು ಮೊದಲು ಬರುವುದು. ನೇರವಾಗಿ ನಿಂತಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಕಾಣುವುದಿಲ್ಲ. ಬೆರಳಿನಿಂದ ಮೆತ್ತಗೆ ಆ ಕಡೆ ಈ ಕಡೆ ಬಾಗಿಸಿದರೆ ಬಾಯಿ ಬಿಡುತ್ತದೆ. ಬಾಗಿಸುವ ಮುಂಚೆಯೇ ದೊಡ್ಡ ಬಿರುಕು ಕಂಡರೆ ಮುಟ್ಟಲೇಬೇಡಿ. 80 ಪಿಎಸ್‌ಐ ತುಂಬಿರುವಾಗ ಅದು ಕೈಯಲ್ಲೇ ಕಿತ್ತು ಬರಬಹುದು. ಚಕ್ರಕ್ಕೆ ಅಂದದ ಕವರ್ ಹಾಕಿದ್ದರೆ ಅದರ ಅಂಚು ವಾಲ್ವಿಗೆ ಉಜ್ಜುತ್ತಿದೆಯಾ ಅಂತಲೂ ನೋಡಿ. ಉಜ್ಜಿ ಉಜ್ಜಿ ಚಾಕುವಿನಂತೆ ಕೊಯ್ದುಬಿಡುತ್ತದೆ.

ಕೊನೆಗೆ ಸೋಪಿನ ನೀರು. ಕ್ಯಾಪ್ ತೆಗೆದು ಬಾಯಿಗೆ ಎರಡು ಹನಿ. ಗುಳ್ಳೆ ಬಂದರೆ ತಪ್ಪು ಕೋರಿನದ್ದು. ಬುಡಕ್ಕೂ ಹೊಡೆದು ಮೆತ್ತಗೆ ಬಾಗಿಸಿ. ಅಲ್ಲಿ ಗುಳ್ಳೆ ಬಂದರೆ ತಪ್ಪು ವಾಲ್ವಿನದೇ. ಅವಸರ ಬೇಡ, ಒಂದು ನಿಮಿಷ ನೋಡಿ. ನನ್ನದರಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, ಅರ್ಧ ನಿಮಿಷಕ್ಕೊಂದು ಬರುತ್ತಿತ್ತು.

## ಬದಲಾಯಿಸುವುದು ಹೇಗೆ?

ಬಾಯಲ್ಲಿ ಸೋರಿದರೆ ಕೆಲಸ ಸುಲಭ. ಕೋರ್ ತಿರುಗಿಸಲು ಒಂದು ಪುಟ್ಟ ಟೂಲ್ ಸಿಗುತ್ತದೆ, ಒಂದೆರಡು ಡಾಲರ್. ಮೊದಲು ಕೊಂಚ ಬಿಗಿಸಿ ನೋಡಿ. ಎರಡು ಬೆರಳಿನ ಬಲ ಸಾಕು, ಜಾಸ್ತಿ ತಿರುಪಿದರೆ ಒಳಗಿನ ಸೀಲ್ ಹಾಳು. ನಿಲ್ಲದಿದ್ದರೆ ಹೊಸ ಕೋರ್ ಹಾಕಬೇಕು. ಕೋರ್ ತೆಗೆದರೆ ಗಾಳಿ ಪೂರ್ತಿ ಹೋಗುತ್ತದೆ, ಹಾಗಾಗಿ ಆ ಚಕ್ರದ ಮೇಲೆ ಭಾರ ಇರಬಾರದು. ಟ್ರೈಲರ್ ಟ್ರಕ್ಕಿಗೆ ಕಟ್ಟಿಯೇ ಇರಲಿ. ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಇಡಿ. ಜಾಕ್ ಎಲ್ಲಿ ಕೊಡಬೇಕೆಂದು ಟ್ರೈಲರಿನ ಪುಸ್ತಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದು ಚಾಸಿ, ಅಂದರೆ ಟ್ರೈಲರಿನ ಕೆಳಗಿನ ಚೌಕಟ್ಟು. ಚಕ್ರಗಳನ್ನು ಸೇರಿಸುವ ಆಕ್ಸಲಿನ ನಡುಭಾಗಕ್ಕೆ ಕೊಟ್ಟರೆ ಆಕ್ಸಲ್ ಬಾಗಬಹುದು. ಮೊದಲು ಪಿನ್ ಒತ್ತಿ ಗಾಳಿ ಪೂರ್ತಿ ಬಿಡಿ, ಆಮೇಲೆ ಕೋರ್ ತಿರುಗಿಸಿ. ಗಾಳಿ ಇರುವಾಗಲೇ ತಿರುಗಿಸಿದರೆ ಅದು ಗುಂಡಿನಂತೆ ಹಾರುತ್ತದೆ. ಮುಖ ಯಾವಾಗಲೂ ಪಕ್ಕಕ್ಕಿರಲಿ.

ಬುಡದಲ್ಲಿ ಸೋರಿದರೆ ಮಾತ್ರ ಟೈರ್ ಅಂಗಡಿಯೇ ಗತಿ. ವಾಲ್ವಿನ ದಪ್ಪ ತಲೆ ರಿಮ್ಮಿನ ಒಳಗಿದೆ. ಅದನ್ನು ಮುಟ್ಟಬೇಕಾದರೆ ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಅಂಗಡಿಯವರು ಮೆಶಿನ್ನಿನಲ್ಲಿ ಒಂದು ಬದಿಯ ಅಂಚನ್ನು ಒತ್ತಿ ಕೆಳಗಿಳಿಸುತ್ತಾರೆ. ಹಳೇ ವಾಲ್ವಿನ ಬುಡ ಕೊಯ್ದು ತೆಗೆದು, ತೂತಿನ ಸುತ್ತ ತುಕ್ಕು, ಕೊಳೆ ಒರೆಸುತ್ತಾರೆ. ಹೊಸದಕ್ಕೆ ಸೋಪಿನ ನೀರು ಸವರಿ ಒಳಗಿನಿಂದ ತೂರಿಸಿ, ಹೊರಗಿನಿಂದ ಟೂಲ್ ಸಿಕ್ಕಿಸಿ ಎಳೆಯುತ್ತಾರೆ. ಟಪ್ ಅಂತ ಕಚ್ಚಿಗೆ ಕೂರುತ್ತದೆ. ಲೋಹದ್ದಾದರೆ ಎಳೆಯುವ ಕೆಲಸ ಇಲ್ಲ, ನಟ್ಟು ಬಿಗಿಯುವುದಷ್ಟೇ. ಇದನ್ನು ಮನೆಯಲ್ಲೇ ಮಾಡುವ ಸಾಹಸಿಗಳೂ ಇದ್ದಾರೆ. ಲೋಡ್ ರೇಂಜ್ ಇ ಟೈರಿನ ಗೋಡೆ ಎಷ್ಟು ಗಡುಸು ಅಂತ ಒಮ್ಮೆ ಒತ್ತಿ ನೋಡಿದವರು ಆಮೇಲೆ ಅಂಗಡಿಗೇ ಹೋಗುತ್ತಾರೆ. ನಾನೂ ಆ ಪೈಕಿ.

ಅಂಗಡಿಯಲ್ಲಿ "ವಾಲ್ವ್ ಬದಲಾಯಿಸಿ" ಅಂದರೆ ಸಾಲದು. ಕೈಗೆ ಸಿಕ್ಕಿದ ಕಾರಿನ ವಾಲ್ವನ್ನೇ ಹಾಕಿಬಿಡುವುದುಂಟು. "ಇದು 80 ಪಿಎಸ್‌ಐ ಟೈರ್, ಲೋಹದ ವಾಲ್ವ್ ಇಲ್ಲವೇ ಎಚ್‌ಪಿ ವಾಲ್ವ್ ಬೇಕು" ಅಂತ ಬಿಡಿಸಿ ಹೇಳಿ, ಕೂರಿಸುವ ಮುಂಚೆ ನಂಬರ್ ನೋಡಿ. ಹೊಸ ಟೈರ್ ಹಾಕಿಸುವಾಗಲೇ ಇದನ್ನೂ ಮಾಡಿಸಿದರೆ ಹೆಚ್ಚು ಖರ್ಚಿಲ್ಲ. ಟೈರ್ ಹೇಗೂ ಬಿಚ್ಚಿರುತ್ತದೆ. ನಾನು ಬಿಟ್ಟದ್ದು ಇದನ್ನೇ.

ಚಕ್ರ ವಾಪಸ್ ಹಾಕಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಲ ಹಾಕಿದಿರಿ ಎಂದು ಅಳೆಯುವ ಸ್ಪ್ಯಾನರಿನಲ್ಲಿ, ಪುಸ್ತಕದಲ್ಲಿ ಹೇಳಿದಷ್ಟು ಬಿಗಿಯಬೇಕು. ಹೊರಟು 50 ಮೈಲಿ ಆಗುವುದರೊಳಗೆ ನಿಲ್ಲಿಸಿ ಇನ್ನೊಮ್ಮೆ ನೋಡಿ. ಹೊಸದಾಗಿ ಕೂರಿಸಿದ ಚಕ್ರದ ನಟ್ಟು ಮೊದಲ ಓಟದಲ್ಲಿ ಸಡಿಲ ಆಗುವುದುಂಟು.

## ಸೆನ್ಸರ್ ಹಾಕಿದರೆ?

ಗಾಳಿ ಕಮ್ಮಿಯಾದರೆ ದೀಪ ಹತ್ತಿಸುವ ವ್ಯವಸ್ಥೆ ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಟ್ರೈಲರಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಹಾಗಾಗಿ ಜನ ಕ್ಯಾಪಿನ ಜಾಗದಲ್ಲಿ ತಿರುಪುವ ಪುಟ್ಟ ಸೆನ್ಸರ್ ಕೊಂಡು ಹಾಕುತ್ತಾರೆ. ಡ್ರೈವರ್ ಮುಂದೆ ಒಂದು ಪರದೆಯಲ್ಲಿ ಪ್ರತಿ ಟೈರಿನ ಒತ್ತಡ, ಬಿಸಿ ಎರಡೂ ಕಾಣುತ್ತವೆ. ಒಳ್ಳೆಯ ವಸ್ತುವೇ. ಆದರೆ ಅದನ್ನು ರಬ್ಬರ್ ವಾಲ್ವಿನ ಮೇಲೆ ಹಾಕಬೇಡಿ.

ಕಾರಣ ಲೆಕ್ಕದಲ್ಲಿದೆ. 60 ಮೈಲಿ ವೇಗದಲ್ಲಿ ಆ 15 ಇಂಚಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಕೂತವರು ಹೊರಕ್ಕೆ ವಾಲುತ್ತಾರಲ್ಲ, ಹಾಗೆ ಸೆನ್ಸರ್ ಹೊರಕ್ಕೆ ಎಳೆಯುತ್ತದೆ. ಆ ವೇಗದಲ್ಲಿ ಎಳೆತ ಅದರ ತೂಕದ ಸುಮಾರು 100 ಪಟ್ಟು. 10 ಗ್ರಾಂ ಸೆನ್ಸರ್ ಒಂದು ಕೆಜಿ ಅಕ್ಕಿ ಕಟ್ಟಿದಂತೆ ವಾಲ್ವಿನ ತುದಿಯನ್ನು ಜಗ್ಗುತ್ತದೆ, ಅದೂ ಗಂಟೆಗಟ್ಟಲೆ. ರಬ್ಬರ್ ಬುಡ ಬಾಗಿ ಬಾಗಿ ಸೀಳುತ್ತದೆ. ಲೋಹದ ವಾಲ್ವಿಗೆ ಈ ತೊಂದರೆ ಕಮ್ಮಿ. ಅದಕ್ಕೇ ಸೆನ್ಸರ್ ಕೊಳ್ಳುವವರು ವಾಲ್ವನ್ನೂ ಸೇರಿಸಿ ಲೆಕ್ಕ ಹಾಕಬೇಕು.

## ಇನ್ನೂ ಒಂದು ಇದೆ

ಟ್ರೈಲರಿಗೆ ನಾಲ್ಕು ಚಕ್ರ ಅಂತ ನಾಲ್ಕನ್ನೇ ನೋಡಿ ಎದ್ದು ಬರಬೇಡಿ. ಹಿಂದೆ ಬಂಪರಿನ ಮೇಲೆ, ಕವರಿನೊಳಗೆ ಸ್ಟೆಪ್ನಿ ಕೂತಿರುತ್ತದೆ. ಟೈರಿನ ಗೋಡೆಯ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಸ್ಟೆಪ್ನಿಯ ಮೇಲೆ 3211 ಅಂತಿತ್ತು. ಅಂದರೆ 2011ರ 32ನೇ ವಾರ. ಒಮ್ಮೆಯೂ ರಸ್ತೆ ಮುಟ್ಟಿರಲಿಲ್ಲ, ಹೊಸ ಟೈರಿನ ಮೇಲಿರುವ ರಬ್ಬರಿನ ಸಣ್ಣ ಮುಳ್ಳು ಕೂಡ ಹಾಗೇ ಇದ್ದವು. ಕ್ಯಾಪ್ ತಿರುಗಿಸಲು ಹೋದೆ. ವಾಲ್ವ್ ಬುಡದಿಂದ ಕಿತ್ತು, ಕ್ಯಾಪಿನ ಜೊತೆಗೇ ನನ್ನ ಕೈಗೆ ಬಂತು. ಗಾಳಿ ಹೋದ ಸದ್ದೂ ಬರಲಿಲ್ಲ, ಒಳಗೆ ಇರಲೇ ಇಲ್ಲ.